ಹೆಸರು ರಾಶಿ ಹೊತ್ತಿಗೆ ಮಳೆ: ಹೊಸ ಉಪಗ್ರಹದಿಂದ ನಮಗೇನು ಉಪಯೋಗ?

ಆಳಂದ ರೈತ:
ಹೋದ ವರ್ಷ ಆಗಸ್ಟ್‌ನಲ್ಲಿ ಹೆಸರು ಕಿತ್ತು ಕಣಕ್ಕೆ ಹಾಕಿದ್ದೆ. ಬೆಳಿಗ್ಗೆ ಟಿವಿಯಲ್ಲಿ 'ಕಲಬುರಗಿ ಜಿಲ್ಲೆಯ ಕೆಲವೆಡೆ ಮಳೆ' ಅಂದರು. ಆ ಕೆಲವೆಡೆ ಅಂದರೆ ಎಲ್ಲಿ? ಮಧ್ಯಾಹ್ನದವರೆಗೂ ಬಿಸಿಲು. ನಾಲ್ಕಕ್ಕೆ ಸುರಿಯಿತು. ತಾಡಪತ್ರಿ ತರುವಷ್ಟರಲ್ಲಿ ಅರ್ಧ ಬೆಳೆ ನೆನೆದಿತ್ತು. ಮೂರನೇ ದಿನ ಕಾಯಿಯೊಳಗೇ ಮೊಳಕೆ. ಹವಾಮಾನಕ್ಕೆ ಅಂತ ಹೊಸ ಉಪಗ್ರಹ ಬಿಟ್ಟಿದ್ದಾರಲ್ಲ, ಅದರಿಂದ ಟಿವಿಯವರಿಗೆ ಜಾಸ್ತಿ ಗೊತ್ತಾಗುತ್ತದಾ?

ಕಲಬುರಗಿ, ಹವಾಮಾನ ಸುದ್ದಿ ಓದುವವಳು:
ಅಣ್ಣಾ, ಓದಿ ಸಂಕಟ ಆಯಿತು. ಗೊತ್ತಾಗುತ್ತದೆ, ಆದರೆ ಬೆಳಿಗ್ಗೆ ಅಲ್ಲ, ಮಧ್ಯಾಹ್ನ.

ನೀವು ಹೇಳಿದ್ದು ಇನ್ಸಾಟ್-3ಡಿಎಸ್. 2024ರ ಫೆಬ್ರುವರಿ 17ರಂದು ಶ್ರೀಹರಿಕೋಟಾದಿಂದ ಹೋಯಿತು. ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗಿದಂತೆ ತಾನೂ ತಿರುಗುತ್ತ ನಮ್ಮ ಕಡೆಯೇ ನೋಡುತ್ತಿರುತ್ತದೆ. ಒಂದು ಉಪಗ್ರಹ ಅರ್ಧ ಗಂಟೆಗೊಂದು ಚಿತ್ರ ತೆಗೆಯುತ್ತದೆ. 2016ರಲ್ಲಿ ಹೋದ ಇನ್ಸಾಟ್-3ಡಿಆರ್ ಅನ್ನೋ ಇನ್ನೊಂದು ಉಪಗ್ರಹದ ಜೊತೆ ಸರದಿ ಹಾಕಿದರೆ ಕಾಲು ಗಂಟೆಗೊಂದು ಸಿಗುತ್ತದೆ.

ನಾನು ಮೊದಲು ನೋಡುವುದು ಅವಕೆಂಪು ಚಿತ್ರ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ ಹಿಡಿದು ತೆಗೆದದ್ದು. ಮೋಡದ ತಲೆ ಎಷ್ಟು ತಣ್ಣಗಿದೆ ಅಂತ ಅದು ತೋರಿಸುತ್ತದೆ. ರಾತ್ರಿಯೂ ಕಾಣುತ್ತದೆ. ತಲೆ ತಣ್ಣಗಾದಷ್ಟೂ ಮೋಡ ಎತ್ತರಕ್ಕೆ ಬೆಳೆದಿದೆ ಅಂತ ಅರ್ಥ. ಒಂದು ದಿನ ಅಫಜಲಪುರದ ಹತ್ತಿರ 2:15ಕ್ಕೆ ಕಡಲೆಕಾಳಿನಷ್ಟು ಬಿಳಿ ಚುಕ್ಕೆ ಇತ್ತು. 2:45ಕ್ಕೆ ರೊಟ್ಟಿಯಷ್ಟಾಯಿತು. ಬುಲೆಟಿನ್‌ಗೆ ಕಾಯಲಿಲ್ಲ, ಪರದೆಯ ಕೆಳಗಿನ ಪಟ್ಟಿಯಲ್ಲಿ ತಾಲೂಕಿನ ಹೆಸರು ಸಮೇತ ಹಾಕಿಸಿದೆ. ನಾಲ್ಕರೊಳಗೆ ಅಲ್ಲಿ ಗುಡುಗು ಶುರುವಾಯಿತು. ಆ ಒಂದು ಗಂಟೆ ನಿಮ್ಮಂಥವರಿಗೆ ಸಿಗಬೇಕು ಅಂತಲೇ ನನ್ನ ಒದ್ದಾಟ.

ಆ ಉಪಗ್ರಹದಲ್ಲಿ 19 ಚಾನೆಲ್‌ಗಳ, ಅಂದರೆ 19 ಬೇರೆ ಬೇರೆ ಬಗೆಯ ಕಿರಣಗಳಲ್ಲಿ ನೋಡುವ, ಸೌಂಡರ್ ಅಂತ ಇನ್ನೊಂದು ಉಪಕರಣ ಇದೆ. ಮೇಲೆ ಹೋದಂತೆ ಗಾಳಿಯ ಬಿಸಿ, ತೇವ ಎಷ್ಟು ಅಂತ ಅಳೆಯುತ್ತದೆ. ಬೆಳಗಿನ ಮುನ್ಸೂಚನೆಯ ಲೆಕ್ಕಕ್ಕೆ ಅದು ಬೇಕು. ದಟ್ಟ ಮೋಡದ ಕೆಳಗೆ ಮಾತ್ರ ಅದಕ್ಕೂ ಕಾಣುವುದಿಲ್ಲ.

ಬೀದರ್, ವಿಜ್ಞಾನ ಶಿಕ್ಷಕ:
ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಉಪಗ್ರಹಕ್ಕೆ ಕಾಣುವುದು ಮೋಡದ ತಲೆ, ಬೀಳುವ ಹನಿ ಅಲ್ಲ. ಹನಿ ಹಿಡಿಯಲು ರೇಡಾರ್ ಬೇಕು. ಹೈದರಾಬಾದಿನ ರೇಡಾರ್ ಕಿರಣ ಕಲಬುರಗಿ ಹತ್ತಿರ ಬರುವಷ್ಟರಲ್ಲಿ ತುಂಬ ಮೇಲೆ ಹೋಗಿರುತ್ತದೆ, ಭೂಮಿ ಬಾಗಿದೆ ಅಲ್ವಾ? ಅದಕ್ಕೇ ಎರಡನ್ನೂ ಜೋಡಿಸಿ ನೋಡಬೇಕು. ಅವಕೆಂಪು ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 4 ಕಿ.ಮೀ. ಅಗಲ. ನಿಮ್ಮ ಹೊಲಕ್ಕೋ ಪಕ್ಕದ ಹೊಲಕ್ಕೋ ಅಂತ ಅದು ಹೇಳಲಾರದು. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಈ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಮೊಬೈಲ್‌ನಲ್ಲೇ ನೋಡಿ.

ಆಳಂದ ರೈತ:
ಇಬ್ಬರಿಗೂ ಶರಣು. ಈ ಸಲ ತಾಡಪತ್ರಿ ಕಣದ ಬದಿಗೇ ಇಟ್ಟಿದ್ದೇನೆ. ಮಧ್ಯಾಹ್ನ ಎರಡರಿಂದ ಚಿತ್ರ ನೋಡುವ ಕೆಲಸ ಮಗಳದ್ದು. ಅಕ್ಕಾ, ಆ ಪಟ್ಟಿಯಲ್ಲಿ ತಾಲೂಕಿನ ಹೆಸರು ಹಾಕುವುದನ್ನು ಮಾತ್ರ ಬಿಡಬೇಡಿ.