‘ಬಾಡು ತಿಂದ್ರೆ ವಿಟಮಿನ್ ಸಿ ಬೇಡ’: ಮನೆ ಗುಂಪಿನಲ್ಲಿ ಒಂದು ಬೆಳಗ್ಗೆ

ಚಿಕ್ಕಪ್ಪ (ಫಾರ್ವರ್ಡ್): ಅನ್ನ, ರಾಗಿ ಬಿಡಿ, ಬರೀ ಮಾಂಸ ತಿನ್ನಿ, ಶುಗರ್ ಓಡಿಸಿ! ಎಸ್ಕಿಮೋಗಳು ಹಣ್ಣು ಕಂಡವರಲ್ಲ, ಅವರಿಗೆ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಬರಲಿಲ್ಲ. ಸಕ್ಕರೆ ಇಲ್ಲದ ದೇಹಕ್ಕೆ ವಿಟಮಿನ್ ಸಿ ಬೇಕೇ ಇಲ್ಲ. 10 ಜನಕ್ಕೆ ಕಳಿಸಿ.

ಚಿಕ್ಕಪ್ಪ: ಸೋಮವಾರದಿಂದ ನಮ್ಮನೇಲಿ ಮುದ್ದೆ ಬಂದ್.

ದೊಡ್ಡಪ್ಪ: ವಾರಕ್ಕೊಂದು ದಿನ ಬಾಡು, ಮಿಕ್ಕ ದಿನ ಸೊಪ್ಪಿನ ಸಾರು ಅಂತ ಹಿರಿಯರು ಇಟ್ಟಿದ್ದು ಸುಮ್ನೆ ಅಲ್ಲ. ನಾಲಿಗೆ ಕಟ್ಟೋದು ಕಲೀಬೇಕು.

ಗಿರಿ: ಇದರ ಮೂಲ ಎಲ್ಲಿ? ಯಾರು ಬರೆದದ್ದು, ಯಾವಾಗ?

ಚಿಕ್ಕಪ್ಪ: ಎಲ್ಲದಕ್ಕೂ ಮೂಲ ಕೇಳ್ತೀಯ. ಸೈಟ್ ವಿಷಯದಲ್ಲೂ ಹೀಗೇ ಪತ್ರ ತೋರ್ಸಿ ಪತ್ರ ತೋರ್ಸಿ ಅಂತ ಕೂತಿದ್ದೆ.

ಗಿರಿ: ಸೈಟ್ ಮಾತು ಇಲ್ಲಿ ಯಾಕೆ? ಹುಡುಕಿದೆ, ಸಿಕ್ತು. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಸ್ಟೆಫಾನ್ಸನ್, ಆಂಡರ್ಸನ್ ಅನ್ನೋ ಇಬ್ಬರು ಒಂದು ವರ್ಷ ಮಾಂಸಾನೇ ತಿಂದ್ರು. ಸ್ಕರ್ವಿ ಬರಲಿಲ್ಲ, ನಿಜ. ಇಬ್ಬರೇ ಜನ. ಒಂದಷ್ಟು ದುಡ್ಡು ಕೊಟ್ಟಿದ್ದು ಅಮೆರಿಕದ ಮಾಂಸ ವ್ಯಾಪಾರದವರ ಸಂಸ್ಥೆ.

ಚಿಕ್ಕಪ್ಪ: ನಿಜ ಅಂತ ನೀನೇ ಬರೆದೆ ನೋಡು!

ಸುಮಕ್ಕ: ಅವರು ತಿಂದದ್ದೇನು ಅಂತಲೂ ನೋಡಿ ಚಿಕ್ಕಪ್ಪ. ಲಿವರ್, ಕಿಡ್ನಿ, ಮೆದುಳು, ಮೂಳೆಮಜ್ಜೆ ಎಲ್ಲಾ ಇತ್ತು. ಶಕ್ತಿಯ ಮುಕ್ಕಾಲು ಪಾಲಿಗೂ ಹೆಚ್ಚು ಕೊಬ್ಬಿನಿಂದ ಬರ್ತಿತ್ತು. ಶುರುವಿನಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ರು, ಮೂರನೇ ದಿನಕ್ಕೇ ವಾಕರಿಕೆ, ಭೇದಿ. ಕೊಬ್ಬು ಸೇರಿಸಿದ ಮೇಲೇ ಸರಿಹೋಗಿದ್ದು. ನೀವು ತರೋದು ಚರ್ಮ ತೆಗೆದ ಬೋನ್‌ಲೆಸ್ ಚಿಕನ್. ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಇನ್ಯೂಯಿಟ್ ಜನರದ್ದೂ, ಅಂದ್ರೆ ಫಾರ್ವರ್ಡ್‌ನಲ್ಲಿ ಎಸ್ಕಿಮೋ ಅಂದವರದ್ದೂ ಅಷ್ಟೇ. ಅವರು ತಿಮಿಂಗಿಲದ ಚರ್ಮ, ಸೀಲ್ ಅನ್ನೋ ಕಡಲ ಪ್ರಾಣಿಯ ಲಿವರ್ ಹಸಿಯಾಗೇ ತಿಂತಿದ್ರು. ಆ ತಿಮಿಂಗಿಲದ ಚರ್ಮದ 100 ಗ್ರಾಂನಲ್ಲಿ 30 ಮಿ.ಗ್ರಾಂ.ಗೂ ಹೆಚ್ಚು ವಿಟಮಿನ್ ಸಿ ಇರುತ್ತೆ. ಸ್ಕರ್ವಿ ತಡೆಯೋಕೆ ದಿನಕ್ಕೆ 10 ಮಿ.ಗ್ರಾಂ. ಸಾಕು. ಚೆನ್ನಾಗಿ ಬೇಯಿಸಿದ ಕೋಳಿ ತೊಡೆಯಲ್ಲಿ ಅದು ಇಲ್ಲ ಅಂತಲೇ ಹೇಳಬೇಕು.

‘ಸಕ್ಕರೆ ಇಲ್ಲದಿದ್ರೆ ಸಿ ಬೇಡ’ ಅನ್ನೋದರ ಹಿಂದೆ ಒಂದು ಊಹೆ ಇದೆ. ಗ್ಲೂಕೋಸೂ, ಆಕ್ಸಿಡೀಕರಣಗೊಂಡ ವಿಟಮಿನ್ ಸಿಯೂ ಜೀವಕೋಶದೊಳಗೆ ಹೋಗೋದು ಒಂದೇ ಬಾಗಿಲಲ್ಲಿ; ಸಕ್ಕರೆ ಕಮ್ಮಿಯಾದ್ರೆ ನೂಕುನುಗ್ಗಲು ಕಮ್ಮಿ ಅಂತ. ಹಾಗಂತ ಕಮ್ಮಿ ಸಾಕಾಗಬಹುದೇ ಹೊರತು ಬೇಡವೇ ಬೇಡ ಅಂತ ಆಗಲ್ಲ. ಚರ್ಮ, ವಸಡು, ರಕ್ತನಾಳಗಳನ್ನ ಹಿಡಿದಿಡೋ ಕೊಲಾಜನ್ ಅನ್ನೋ ಪ್ರೋಟೀನ್ ಗಟ್ಟಿಯಾಗೋಕೆ ಅದು ಬೇಕೇ ಬೇಕು. ಪೂರ್ತಿ ನಿಂತ್ರೆ ಒಂದರಿಂದ ಮೂರು ತಿಂಗಳಲ್ಲಿ ಸುಸ್ತು, ವಸಡಲ್ಲಿ ರಕ್ತ, ಕಾಲಿನ ಕೂದಲ ಬುಡದಲ್ಲಿ ಕೆಂಪು ಚುಕ್ಕೆ, ಮಾಯದ ಗಾಯ.

ಪುಟ್ಟಿ: ಲಿವರ್ ಅಂದ ತಕ್ಷಣ ಅಜ್ಜಿ ನೆನಪಾದ್ಲು. ಹಬ್ಬದ ದಿನ ಮರಿ ಕುಯ್ದ ಕೂಡ್ಲೇ ಲಿವರ್‌ನ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ ಮಕ್ಕಳ ಕೈಗೆ ಕೊಡೋಳು.

ಅತ್ತೆ: ಕೊಡೋಳು, ಗಂಡುಮಕ್ಕಳಿಗೆ ಮೊದಲು.

ದೊಡ್ಡಪ್ಪ: ಅವ್ವನ ವಿಷಯಕ್ಕೆ ಬರಬೇಡಿ.

ಸುಮಕ್ಕ: ಮಕ್ಕಳಿಗೆ ಒಂದೊಂದು ಚೂರು, ಅದೂ ಹಬ್ಬಕ್ಕೆ. ಅಳತೆ ಸರಿಯಾಗೇ ಇತ್ತು. ಕುರಿ ಲಿವರ್ 100 ಗ್ರಾಂನಲ್ಲಿ ವಿಟಮಿನ್ ಎ ಸುಮಾರು 7000 ಮೈಕ್ರೊಗ್ರಾಂ. ದೊಡ್ಡವರಿಗೆ ದಿನದ ಮೇಲ್ಮಿತಿ 3000. ದಿನಾ ತಿಂದ್ರೆ ಅದು ಲಿವರಲ್ಲೇ ಕೂತು ತಲೆನೋವು, ಚರ್ಮ ಸುಲಿಯೋದು, ಮೂಳೆ ನೋವು ತರುತ್ತೆ. ವಾರಕ್ಕೊಮ್ಮೆ 50–100 ಗ್ರಾಂ ಸಾಕು. ರಮ್ಯಾ, ನೀನು ಬಸುರಿ, ಈಗ ಲಿವರ್ ಬೇಡವೇ ಬೇಡ. ಎ ಮಿತಿಮೀರಿದ್ರೆ ಮಗು ಬೆಳವಣಿಗೆಗೇ ತೊಂದ್ರೆ.

ಫೋಲೇಟ್ ಅನ್ನೋ ಬಿ ವಿಟಮಿನ್ ಕೂಡ ನೋಡಿ. ಗಂಡಸರಿಗೆ ದಿನಕ್ಕೆ 300 ಮೈಕ್ರೊಗ್ರಾಂ ಬೇಕು, ಕೋಳಿ ಮಾಂಸ 100 ಗ್ರಾಂನಲ್ಲಿ ಸಿಗೋದು 10ರ ಹತ್ತಿರ. ಬಿ12ಗೆ ಚಿಂತೆಯಿಲ್ಲ, ಬೇಕಾದಷ್ಟು ಸಿಗುತ್ತೆ.

ಚಿಕ್ಕಪ್ಪ: ಕ್ಯಾಲ್ಸಿಯಂಗೆ ಕಾಲ್ ಸೂಪ್ ಇದೆಯಲ್ಲ.

ಸುಮಕ್ಕ: ಕಾಲ್ ಸೂಪಲ್ಲಿ ಜೆಲಟಿನ್ ಇರುತ್ತೆ. ಮೂಳೆ ಎಷ್ಟೇ ಕುದಿಸಿದ್ರೂ ಕ್ಯಾಲ್ಸಿಯಂ ನೀರಿಗೆ ಇಳಿಯೋದು ಅತಿ ಕಮ್ಮಿ. ಮುಳ್ಳಿನ ಸಮೇತ ತಿನ್ನೋ ಸಣ್ಣ ಮೀನಾದ್ರೆ ಸರಿ. ರಾಗಿ ಬಿಡ್ತೀನಿ ಅಂದವರಿಗೆ ಇದು ದೊಡ್ಡ ನಷ್ಟ; 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಮೇಲಿದೆ.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ.

ಗಿರಿ: ನೀವು ನಾಲಿಗೆ ಕಟ್ಟು ಅಂದ್ರಿ ದೊಡ್ಡಪ್ಪ, ಕ್ಯಾಲ್ಸಿಯಂ ಮಾತೇ ಇರಲಿಲ್ಲ.

ಚಿಕ್ಕಪ್ಪ: ದೊಡ್ಡವರಿಗೆ ಎದುರು ಮಾತಾಡೋದು ಇವನಿಗೆ ಮೊದಲಿಂದ ಅಭ್ಯಾಸ.

ಸುಮಕ್ಕ: ಜಗಳ ನಿಲ್ಸಿ. ಚಿಕ್ಕಪ್ಪ, ಶುಗರ್‌ಗೆ ಯಾವ ಮಾತ್ರೆ ತಗೋತಿದ್ದೀರಿ?

ಚಿಕ್ಕಪ್ಪ: ಗ್ಲಿಮಿಪಿರೈಡ್. ಹೊಸದೊಂದು ಡಾಪಾಗ್ಲಿಫ್ಲೋಜಿನ್.

ಸುಮಕ್ಕ: ಹಾಗಾದ್ರೆ ಸೋಮವಾರ ಶುರು ಮಾಡಲೇಬೇಡಿ. ಊಟದಲ್ಲಿ ಪಿಷ್ಟ (ಅನ್ನ, ಮುದ್ದೆಯಲ್ಲಿರೋ ಕಾರ್ಬೋಹೈಡ್ರೇಟ್) ಇಲ್ಲದಿದ್ರೂ ಗ್ಲಿಮಿಪಿರೈಡ್ ಇನ್ಸುಲಿನ್ ಹೊರಡಿಸ್ತಾನೇ ಇರುತ್ತೆ. ಸಕ್ಕರೆ 70ರ ಕೆಳಗೆ ಹೋದ್ರೆ ಬೆವರು, ನಡುಕ, ತಲೆಸುತ್ತು. ಡಾಪಾಗ್ಲಿಫ್ಲೋಜಿನ್ ಜೊತೆ ಪಿಷ್ಟ ಪೂರ್ತಿ ಬಿಟ್ರೆ ರಕ್ತ ಆಮ್ಲೀಯ ಆಗಬಹುದು. ಆಗ ಮೀಟರಲ್ಲಿ ಸಕ್ಕರೆ ಅಷ್ಟೇನೂ ಏರಿರಲ್ಲ, ಆದ್ದರಿಂದ ಮೋಸ ಹೋಗ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ನೇರ ಆಸ್ಪತ್ರೆಗೆ. ಮೊದಲು ಡಾಕ್ಟರ್ ಮಾತ್ರೆ ಪ್ರಮಾಣ ಬದಲಿಸಲಿ.

ಪುಟ್ಟಿ: ಪಿಷ್ಟ ಕಮ್ಮಿ ಮಾಡೋರು ಸಿ ಎಲ್ಲಿಂದ ತರೋದು?

ಸುಮಕ್ಕ: ದಿನಕ್ಕೊಂದು ಹಸಿ ನೆಲ್ಲಿಕಾಯಿ, ಇಲ್ಲಾ ಅರ್ಧ ಸೀಬೆಹಣ್ಣು. ಅರ್ಧ ಸೀಬೆಯಲ್ಲಿ ಕಾರ್ಬೋಹೈಡ್ರೇಟ್ 7 ಗ್ರಾಂ ಸುಮಾರು, ಸಿ 100 ಮಿ.ಗ್ರಾಂ. ಫೋಲೇಟ್‌ಗೆ ಸೊಪ್ಪು, ಬೇಯಿಸಿದ ನೀರು ಬಸಿದು ಚೆಲ್ಲಬೇಡಿ, ಇಳಿದದ್ದೆಲ್ಲಾ ಅದರಲ್ಲೇ ಇರುತ್ತೆ.

ಚಿಕ್ಕಪ್ಪ: ಸರಿ, ಡಾಕ್ಟರ್ ಕೇಳ್ತೀನಿ. ಸುಮ ಹೇಳಿದ್ಲು ಅಂತ ಕೇಳ್ತಿರೋದು, ಗಿರಿ ಹೇಳಿದ ಅಂತಲ್ಲ.

ಸುಮಕ್ಕ: ಕೇಳೋವರೆಗೆ ಮುದ್ದೆ ಇರಲಿ. ಅರ್ಧಕ್ಕೆ ಇಳಿಸಿದ್ರೂ ಬೆಳಗ್ಗೆ ರಾತ್ರಿ ಸಕ್ಕರೆ ಅಳೆದು ಬರೆದಿಡಿ, ಆ ಚೀಟಿ ಡಾಕ್ಟರಿಗೆ ತೋರಿಸಿ.