ಒಂದು ಎಫ್ ಇದ್ದರೆ ₹480, ಎರಡಿದ್ದರೆ ₹1,920

ಇಳಕಲ್ಲಿನ ಮಗಳು, ವಿಜಯಪುರ
ನಿನ್ನೆ ಅತ್ತೆಯವರ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಬಾಗಿಲಿಗೆ ಆಳೆತ್ತರದ ಬ್ಯಾನರ್ ಕಟ್ಟಿದ್ದರು. ಇಂಗ್ಲಿಷಿನಲ್ಲಿ ‘20% ಆಫ್’ ಎಂದಿತ್ತು, ಆದರೆ ಆ ಆಫ್‌ಗೆ ಎಫ್ ಒಂದೇ, off ಬದಲು of. ಏಳನೆಯ ತರಗತಿಯ ನನ್ನ ಮಗ ಅಲ್ಲಿಯೇ ನಿಂತು ಲೆಕ್ಕ ಹಾಕಿಬಿಟ್ಟ: ‘ಅವ್ವಾ, ₹2,400ರ ಸೀರೆಗೆ ₹480 ಕೊಟ್ಟರೆ ಸಾಕು.’ ಗಣಿತದ ಪುಸ್ತಕದಲ್ಲಿ ‘2,400ರ ಶೇ. 20 ಎಷ್ಟು’ ಎಂದು ಕೇಳುವಾಗ ಇದೇ ಒಂದು ಎಫ್‌ನ ಪದ ಬರುತ್ತದಂತೆ. ಗಲ್ಲೆಯ ಮೇಲಿದ್ದವರು ನಕ್ಕು ₹1,920 ಎಣಿಸಿಕೊಂಡರು. ಹುಡುಗ ಮನೆಗೆ ಬಂದರೂ ಸುಮ್ಮನಾಗಿಲ್ಲ. ಅವನು ಹೇಳಿದ್ದು ತಪ್ಪೇ?

ಫ್ಲೆಕ್ಸ್ ಅಂಗಡಿ, ಬಾಗಲಕೋಟೆ
ತಪ್ಪು ನಮ್ಮ ಕಸುಬಿನವರದೇ, ಆದರೆ ಅರ್ಧ ಮಾತ್ರ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಏನು ಕಳುಹಿಸುತ್ತಾನೋ ಅದನ್ನೇ ಅಚ್ಚು ಹಾಕಬೇಕು. ಒಮ್ಮೆ ಒಂದು ಕಾಗುಣಿತ ತಿದ್ದಿ ಕೊಟ್ಟಿದ್ದಕ್ಕೆ ‘ನಿನಗೆ ಯಾರು ಹೇಳಿದ್ದರು’ ಎಂದು ಬ್ಯಾನರನ್ನೇ ಬಿಟ್ಟು ಹೋದವರಿದ್ದಾರೆ. ಇನ್ನೊಂದು ಮಾತು ಅಕ್ಕಾ, ಬ್ಯಾನರನ್ನು ಯಾರು ಓದುತ್ತಾರೆ? 20 ಕಾಣುತ್ತದೆ, ಶೇಕಡಾ ಗುರುತು ಕಾಣುತ್ತದೆ, ಒಳಗೆ ಬರುತ್ತಾರೆ. ₹480ಕ್ಕೆ ಇಳಕಲ್ ಸೀರೆ ಸಿಗುತ್ತದೆ ಎಂದು ಇಳಕಲ್ಲಿನವರೇ ನಂಬಿದರೆ ನಾನೇನು ಹೇಳಲಿ!

ಜಮಖಂಡಿ ಮಾಸ್ತರ
ತಂಗಿ, ಹುಡುಗನ ಲೆಕ್ಕ ಸರಿಯಾಗಿದೆ, ಅವನಿಗೆ ಬೈಯಬೇಡ. ಒಂದು ಎಫ್‌ನದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ: ಬೆಲೆಯ ಐದನೇ ಒಂದು ಪಾಲು. ಎರಡು ಎಫ್‌ನದು ಪಂಚಮಿ: ಬೆಲೆಯಿಂದ ಐದನೇ ಒಂದು ಪಾಲು ಆಚೆಗೆ. ಶಾಲೆಯಲ್ಲಿ ‘ದೆಸೆಯಿಂದ, ದೆಸೆಯಿಂದ’ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಜನ್ಮದಲ್ಲಿ ಬಳಸದ ಆ ಪಂಚಮಿಯೇ.

ಉಚ್ಚಾರವೂ ಬೇರೆ. ಒಂದು ಎಫ್‌ನದನ್ನು ಇಂಗ್ಲಿಷರು ‘ಆವ್’ ಎನ್ನುತ್ತಾರೆ, ಮಾತಿನ ಓಟದಲ್ಲಿ ಅದು ಬರಿಯ ‘ಅವ್’. ಎಫ್ ಬರೆದು ವ ಎಂದು ಓದುವ ನಿತ್ಯಬಳಕೆಯ ಪದ ಆ ಭಾಷೆಯಲ್ಲಿ ಇದೊಂದೇ. ನಾವು ಮಾತ್ರ ‘ಬ್ಯಾಂಕ್ ಆಫ್ ಇಂಡಿಯಾ’ ಎನ್ನುವಾಗಲೂ ‘ಫ್ಯಾನ್ ಆಫ್ ಮಾಡು’ ಎನ್ನುವಾಗಲೂ ಒಂದೇ ಆಫ್ ಬರೆಯುತ್ತೇವೆ. ಸಾಲದ್ದಕ್ಕೆ ಹೋಟೆಲಿನಲ್ಲಿ ಹಾಫ್ ಚಹಾ ಕೂಡ ‘ಆಫ್ ಚಹಾ’ ಆಗಿ ಬರುತ್ತದೆ. ಮಕ್ಕಳು ಗೊಂದಲವಾಗದೆ ಇನ್ನೇನಾಗುತ್ತಾರೆ?

ಖಡೇಬಜಾರದ ಓದುಗ, ಬೆಳಗಾವಿ
ಮಾಸ್ತರರೇ, ಗೌರವವಿಟ್ಟುಕೊಂಡೇ ಕೇಳುತ್ತೇನೆ. ನಿಮ್ಮ ವಿಭಕ್ತಿ ಸೂತ್ರ ಮೊದಲ ಪೆಟ್ಟಿಗೇ ಬಿರುಕು ಬಿಡುತ್ತದೆ. ‘ಜ್ವರದಿಂದ ಸತ್ತ’ ಎನ್ನಲು ಇಂಗ್ಲಿಷಿನಲ್ಲಿ ‘ಡೈಡ್ ಆಫ್ ಫೀವರ್’ ಎನ್ನುತ್ತಾರೆ, ಅಲ್ಲಿ ಒಂದೇ ಎಫ್. ‘ಖಾನಾಪುರ ಬೆಳಗಾವಿಯಿಂದ ದಕ್ಷಿಣಕ್ಕಿದೆ’ ಎನ್ನಲೂ ಒಂದೇ ಎಫ್. ಎರಡೂ ಕಡೆ ಕನ್ನಡದಲ್ಲಿ ‘ಇಂದ’ ಇದೆ. ಹಾಗಾದರೆ ನಿಮ್ಮ ಷಷ್ಠಿ ಎಲ್ಲಿ ಹೋಯಿತು?

ಜಮಖಂಡಿ ಮಾಸ್ತರ
ಒಳ್ಳೆಯ ಪೆಟ್ಟು. ಸೂತ್ರ ಮಕ್ಕಳಿಗಾಗಿ ಹೇಳಿದ್ದು. ನಿಮಗೆ ಅದರ ಹಿಂದಿನ ಕಥೆ ಹೇಳಬೇಕಾಗುತ್ತದೆ.

ಇವೆರಡೂ ಮೊದಲು ಒಂದೇ ಪದ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಒಂದು ಎಫ್‌ನ ರೂಪವೇ ಇತ್ತು, ಅದರ ಅರ್ಥ ‘ದೂರಕ್ಕೆ, ಬಿಟ್ಟು’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತಿನ ಪ್ರಭಾವ ಹೆಚ್ಚಿತು. ಆ ಭಾಷೆಯ ‘ದ’ ಎಂಬ ಪದ ಮಾಡುತ್ತಿದ್ದ ಸಂಬಂಧದ ಕೆಲಸವೆಲ್ಲ ಈ ಬಡಪಾಯಿಯ ಹೆಗಲಿಗೆ ಬಿತ್ತು. ಒತ್ತಿ ಹೇಳಿದಾಗ ಒಂದು ದನಿ, ಒತ್ತದೆ ಹೇಳಿದಾಗ ಇನ್ನೊಂದು. ಒತ್ತಿ ಹೇಳಿದ್ದಕ್ಕೆ ಎರಡು ಎಫ್ ಬರೆಯುವ ರೂಢಿ ಬಂದು, ಹದಿನೇಳನೆಯ ಶತಮಾನದ ಹೊತ್ತಿಗೆ ಅಣ್ಣತಮ್ಮಂದಿರು ಬೇರೆ ಮನೆ ಮಾಡಿದರು. ನೀವು ಹೇಳಿದ ಜ್ವರ, ದಕ್ಷಿಣ ಎಲ್ಲವೂ ಪಾಲಾಗುವ ಮುಂಚಿನ ಆಸ್ತಿ, ಒಂದು ಎಫ್‌ನ ತಮ್ಮನ ಮನೆಯಲ್ಲಿ ಉಳಿದುಬಿಟ್ಟಿದೆ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಅಬ್’, ಗ್ರೀಕಿನ ‘ಅಪೊ’, ಸಂಸ್ಕೃತದ ‘ಅಪ’ ಎಲ್ಲ ಇದರ ದಾಯಾದಿಗಳು. ಅಪಹರಣದ ‘ಅಪ’ವೇ ಸೀರೆ ಅಂಗಡಿಯ ಆಫ್.

ಫ್ಲೆಕ್ಸ್ ಅಂಗಡಿ, ಬಾಗಲಕೋಟೆ
ಅಂದರೆ ನಾಲ್ಕು ನೂರು ವರ್ಷಗಳ ಹಿಂದೆ ನಾನು ಬ್ಯಾನರ್ ಹಾಕಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ.

ಪಾಳಿಯ ಕೆಲಸಗಾರ, ಮುಧೋಳ ಕಡೆಯವನು
ನೀವೆಲ್ಲ ಎಫ್ ಎಣಿಸುತ್ತಿದ್ದೀರಿ. ಎಫ್ ಎರಡೂ ಸರಿಯಾಗಿದ್ದು ನನ್ನ ಎದೆ ಒಡೆದ ಕಥೆ ಕೇಳಿ.

ಆಗ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಕಬ್ಬು ನುರಿಸುವ ಹಂಗಾಮು. ರಾತ್ರಿ ಪಾಳಿಗೆ ಹೊರಗಡೆ ಓದಿ ಬಂದ ಹೊಸ ಹುಡುಗನಿದ್ದ. ಬೆಳಿಗ್ಗೆ ಪಾಳಿ ಬದಲಾಗುವಾಗ ಲಾಗ್ ಪುಸ್ತಕದಲ್ಲಿ ಚೆಂದದ ಅಕ್ಷರದಲ್ಲಿ ‘5.40, ಲೋ ಲೆವೆಲ್ ಅಲಾರ್ಮ್ ವೆಂಟ್ ಆಫ್’ ಎಂದು ಬರೆದು, ಸಹಿ ಮಾಡಿ, ಬಸ್ಸಿಗೆ ಓಡಿಹೋಗಿದ್ದ. ನಾನು ಓದಿದೆ. ಅಲಾರ್ಮ್ ಆಫ್ ಆಗಿದೆ, ಅಂದರೆ ನೀರಿನ ಮಟ್ಟ ಸರಿಹೋಗಿದೆ ಎಂದುಕೊಂಡು ಚಹಾ ತರಿಸಿದೆ. ಕಪ್ಪು ಕೈಯಲ್ಲಿ ಹಿಡಿದೇ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಕಡೆ ನೋಡಿದರೆ ನೀರು ಗಾಜಿನ ತಳಕ್ಕೆ ಅಂಟಿಕೊಂಡಿತ್ತು. ಎರಡನೆಯ ಪಂಪ್ ಚಾಲೂ ಮಾಡಿದಾಗ ನನ್ನ ಕೈ ನಡುಗುತ್ತಿತ್ತು. ಅವನು ಬರೆದಿದ್ದು ‘ಅಲಾರ್ಮ್ ಬಡಿಯಿತು’ ಎಂದು. ನಾನು ಓದಿದ್ದು ‘ಅಲಾರ್ಮ್ ನಿಂತಿತು’ ಎಂದು. ಬಡಿದ ಮೇಲೆ ಸದ್ದನ್ನು ಗುಂಡಿ ಒತ್ತಿ ನಿಲ್ಲಿಸಿದವನೂ ಅವನೇ!

ಮರುದಿನದಿಂದ ಆ ಪುಸ್ತಕದಲ್ಲಿ ‘ಬಡಿಯಿತು’, ‘ನಿಂತಿತು’ ಎಂದು ಕನ್ನಡದಲ್ಲೇ ಬರೆಸಿದೆ. ಮೇಲಿನವರು ಒಮ್ಮೆ ಮೂಗು ಮುರಿದರು, ಕಾರಣ ಹೇಳಿದ ಮೇಲೆ ಸುಮ್ಮನಾದರು.

ಜಮಖಂಡಿ ಮಾಸ್ತರ
ಹುಡುಗ ಬರೆದದ್ದು ಸರಿಯಾದ ಇಂಗ್ಲಿಷ್, ಅದೇ ಸಂಕಟ. ಬಂದೂಕು ಹಾರಿದರೂ ‘ವೆಂಟ್ ಆಫ್’ ಎನ್ನುತ್ತಾರೆ. ಒಳಗೆ ಹಿಡಿದಿಟ್ಟದ್ದು ಕಳಚಿಕೊಂಡು ಹೊರಟಿತು ಎಂಬ ಭಾವ. ಸ್ವಿಚ್ಚಿನ ಆಫ್‌ನಲ್ಲಿ ಕಳಚಿಕೊಳ್ಳುವುದು ವಿದ್ಯುತ್ತಿನ ಸಂಪರ್ಕ. ನಾವು ಸ್ವಿಚ್ಚಿನದನ್ನಷ್ಟೇ ಮನೆಗೆ ತಂದುಕೊಂಡು ಆಫ್ ಎಂದರೆ ಬಂದ್ ಎಂದು ತೀರ್ಮಾನಿಸಿಬಿಟ್ಟೆವು.

ಖಡೇಬಜಾರದ ಓದುಗ, ಬೆಳಗಾವಿ
ವಿಳಾಸದಲ್ಲಿಯೂ ಇದೇ ಗೋಳು. ನಮ್ಮ ಸಂಬಂಧಿಕರ ಮನೆ ವಿಳಾಸ ‘ಆಫ್ ಕಾಲೇಜು ರಸ್ತೆ’. ಎರಡು ಎಫ್. ಕಾಲೇಜು ರಸ್ತೆಯಿಂದ ಒಡೆದು ಒಳಗೆ ಹೋಗುವ ಗಲ್ಲಿಯಲ್ಲಿ ಮನೆ ಇದೆ ಎಂದರ್ಥ. ಊರಿಗೆ ಹೊಸಬನಾದ ಕೊರಿಯರ್ ಹುಡುಗ ಅದನ್ನು ‘ಕಾಲೇಜು ರಸ್ತೆಯ ಮನೆ’ ಎಂದು ತಿಳಿದು ಮುಖ್ಯರಸ್ತೆಯ ಉದ್ದಕ್ಕೂ ಎರಡು ಸಲ ತಿರುಗಿ, ಪಾರ್ಸೆಲ್ ವಾಪಸು ಒಯ್ದ. ಒಳಗೆ ಔಷಧಿ ಇತ್ತು. ಈಗ ‘ಕಾಲೇಜು ರಸ್ತೆಯಿಂದ ಒಳಕ್ಕೆ, ಹಿಟ್ಟಿನ ಗಿರಣಿ ಪಕ್ಕ’ ಎಂದು ಬರೆಯುತ್ತಾರೆ. ಗಿರಣಿಯಂತೂ ಎಲ್ಲರಿಗೂ ಗೊತ್ತು.

ಅಮೆರಿಕದಲ್ಲಿರುವ ನನ್ನ ಅಳಿಯ ಎರಡನ್ನೂ ಸೇರಿಸಿ ‘ಆಫ್ ಆವ್’ ಎನ್ನುತ್ತಾನೆ. ಅಲ್ಲಿ ಮಾತಿನಲ್ಲಿ ಅದು ನಡೆಯುತ್ತದಂತೆ. ಕನ್ನಡದಲ್ಲಿ ಬರೆದರೆ ‘ಆಫ್ ಆಫ್’. ಅದು ನಾಯಿ ಬೊಗಳಿದ ಹಾಗಿದೆ.

ಹಳೆಯ ಪತ್ರಿಕೆ ಓದುಗಳು, ಗೋಕಾಕ
ಇಷ್ಟೆಲ್ಲ ಯಾಕೆ? ನಮ್ಮ ಕಡೆ ರಿಯಾಯಿತಿಗೆ ‘ಸೋಡಿ’ ಎಂಬ ಪದವಿದೆಯಲ್ಲ. ‘ಸೋಡಿ ದರ’ ಎಂದರೆ ನನ್ನ ಅಜ್ಜಿಗೂ ತಿಳಿಯುತ್ತಿತ್ತು. ಮರಾಠಿಯ ‘ಸೋಡಣೆ’, ಅಂದರೆ ಬಿಡುವುದು. ಮದುವೆ ಮುರಿದರೆ ಕೊಡುವ ಸೋಡಚೀಟಿಯಲ್ಲಿಯೂ ಅದೇ ಇದೆ. ‘ಶೇ. 20 ಸೋಡಿ’ ಎಂದು ಬರೆದಿದ್ದರೆ ಹುಡುಗನಿಗೂ ಲೆಕ್ಕ ಸಿಗುತ್ತಿತ್ತು, ಫ್ಲೆಕ್ಸ್ ಅಣ್ಣನಿಗೂ ಎಫ್‌ನ ಖರ್ಚು ಉಳಿಯುತ್ತಿತ್ತು.

ಫ್ಲೆಕ್ಸ್ ಅಂಗಡಿ, ಬಾಗಲಕೋಟೆ
ಅಕ್ಕಾ, ‘ಸೋಡಿ’ ಎಂದು ಹಾಕಿದರೆ ಈಗಿನ ಹುಡುಗಿಯರು ಸೋಡಾ ಅಂಗಡಿ ಎಂದುಕೊಂಡಾರು. ‘ರಿಯಾಯಿತಿ’ ಹಾಕೋಣ ಎಂದರೆ ಗಿರಾಕಿ ‘ಸರ್ಕಾರಿ ಮಳಿಗೆಯಂತೆ ಕಾಣುತ್ತದೆ’ ಎನ್ನುತ್ತಾನೆ. ಆಫ್ ಎಂದರೇ ಅವನಿಗೆ ಮಾಲು ಹೊಳೆಯುತ್ತದೆ.

ಹಳೆಯ ಪತ್ರಿಕೆ ಓದುಗಳು, ಗೋಕಾಕ
ಹೊಳೆಯಲಿ. ಹುಡುಗಿಯರಿಗೆ ಗೊತ್ತಿಲ್ಲದ ಪದ ನಾಲ್ಕು ಸಲ ಬ್ಯಾನರಿನ ಮೇಲೆ ಕಂಡರೆ ಗೊತ್ತಾಗುತ್ತದೆ. ಆಫ್ ಗೊತ್ತಾದದ್ದೂ ಹಾಗೆಯೇ ಅಲ್ಲವೇ? ಅದೂ ಅರ್ಧ.

ಇಳಕಲ್ಲಿನ ಮಗಳು, ವಿಜಯಪುರ
ಎಲ್ಲರಿಗೂ ಧನ್ಯವಾದ. ಮಾಸ್ತರರ ಮಾತನ್ನು ಮಗನಿಗೆ ಓದಿ ಹೇಳಿದೆ. ‘ನಾನು ಸರಿ’ ಎಂಬಷ್ಟನ್ನು ಕೇಳಿ ಎದ್ದು ಹೋದ. ಇಂದು ಸಂಜೆ ಸೀರೆಗೆ ಫಾಲ್ ಹಚ್ಚಿಸಲು ಅದೇ ಅಂಗಡಿಯ ಮುಂದೆ ಹಾದು ಹೋದೆವು. ಬ್ಯಾನರಿನ ಮೇಲೆ ಯಾರೋ ಕಪ್ಪು ಮಾರ್ಕರ್‌ನಲ್ಲಿ ಇನ್ನೊಂದು ಎಫ್ ಸೇರಿಸಿದ್ದಾರೆ. ಜಾಗ ಸಾಲದೆ ಅದು ಮಾಡೆಲ್ ಹುಡುಗಿಯ ಮೂಗಿನ ಮೇಲೆ ಹೋಗಿದೆ. ಅತ್ತೆ ನೋಡಿ, ‘ನತ್ತು ಚೆನ್ನಾಗಿದೆ’ ಎಂದರು.