60 ಕಡೆ ಅರ್ಜಿ ಹಾಕಿದೆ, ಒಂದೂ ಕರೆ ಇಲ್ಲ. ರೆಸ್ಯೂಮೆಯಲ್ಲಿ ಅವರು ನೋಡುವುದೇನು? ಅನುಭವ ಇದ್ದವರು ಹೇಳಿ

ಕೊನೇ ಸೆಮ್:
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್, ಕೊನೇ ವರ್ಷ. ಮಾರ್ಕ್ಸ್ ಪರವಾಗಿಲ್ಲ. ಇಂಟರ್ನ್‌ಶಿಪ್ ಇಲ್ಲ. ನಾಲ್ಕು ಜನ ಸೇರಿ ಮಾಡಿದ ಒಂದು ಪ್ರಾಜೆಕ್ಟ್ ಇದೆ. ಮಧ್ಯೆ ಹುಷಾರಿಲ್ಲದೆ ಒಂದು ಸೆಮಿಸ್ಟರ್ ಬಿಟ್ಟಿದ್ದೆ. ಮೂರು ತಿಂಗಳಲ್ಲಿ 60 ಕಡೆ ಅರ್ಜಿ ಹಾಕಿದ್ದೇನೆ. 4 ಕಡೆಯಿಂದ ಬೇಡ ಎಂದು ಮೇಲ್ ಬಂತು, ಉಳಿದವರು ಅದನ್ನೂ ಕಳಿಸಲಿಲ್ಲ. ಮಾರ್ಕ್ಸ್ ಮೇಲೆ ಇರಬೇಕಾ, ಪ್ರಾಜೆಕ್ಟ್ ಮೇಲೆ ಇರಬೇಕಾ? ಬಿಟ್ಟ ಸೆಮಿಸ್ಟರ್ ಬಗ್ಗೆ ಬರೆಯಬೇಕಾ, ಸುಮ್ಮನಿರಬೇಕಾ? ಕರೆದರೆ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಎಲ್ಲಿಂದ ಶುರು ಮಾಡಲಿ?

ಎರಡು ಕಾಲಂ:
ನನಗೆ ಆಗಿದ್ದನ್ನೇ ಹೇಳುತ್ತೇನೆ. 7 ತಿಂಗಳು ಹೋಯಿತು ನನಗೆ. ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟಿದ್ದೆ: 112 ಅರ್ಜಿ, 0 ಕರೆ. ರೆಸ್ಯೂಮೆ ನೋಡಲು ಬಹಳ ಚೆನ್ನಾಗಿತ್ತು. ಎಡಕ್ಕೆ ನೀಲಿ ಪಟ್ಟಿ, ಅದರೊಳಗೆ ಫೋಟೋ, ಫೋನ್ ಮತ್ತು ಮೇಲ್ ಪಕ್ಕದಲ್ಲಿ ಪುಟ್ಟ ಪುಟ್ಟ ಚಿತ್ರ, ಪೈಥಾನ್‌ಗೆ ಐದರಲ್ಲಿ ನಾಲ್ಕು ಚುಕ್ಕಿ, ಎಸ್‌ಕ್ಯೂಎಲ್‌ಗೆ ಮೂರು. ಟೆಂಪ್ಲೇಟ್‌ಗೆ ದುಡ್ಡು ಕೊಟ್ಟಿದ್ದೆ, ಎರಡು ರಾತ್ರಿ ಕೂತು ತುಂಬಿದ್ದೆ. ಕೊನೆಗೆ ಸೀನಿಯರ್ ಒಬ್ಬಳು ಆ ಪಿಡಿಎಫ್ ತೆರೆದು, ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ ತೋರಿಸಿದಳು. ಕೈಕಾಲು ತಣ್ಣಗಾಯಿತು. ಎಡ ಪಟ್ಟಿಯ ಒಂದು ಸಾಲು, ಬಲಗಡೆಯ ಒಂದು ಸಾಲು, ಜಡೆ ಹೆಣೆದ ಹಾಗೆ ಬಂದಿತ್ತು. ಡಿಗ್ರಿಯ ಹೆಸರಿನ ಮಧ್ಯೆ ಈಜು, ಚೆಸ್ ಬಂದು ಕೂತಿದ್ದವು. ಚುಕ್ಕಿಗಳ ಜಾಗದಲ್ಲಿ ಬರೀ ಚೌಕಗಳು. ಫೋನ್ ನಂಬರ್ ಇರಲೇ ಇಲ್ಲ, ಯಾಕೆಂದರೆ ಆ ಟೆಂಪ್ಲೇಟ್‌ನಲ್ಲಿ ಅದು ಚಿತ್ರದ ಭಾಗವಾಗಿತ್ತು. ಅರ್ಜಿ ತೆಗೆದುಕೊಳ್ಳುವ ಎಟಿಎಸ್ ಸಾಫ್ಟ್‌ವೇರ್‌ಗೂ ಇಂಥದ್ದೇ ಸಿಕ್ಕಿರುತ್ತದೆ. ಅಂದರೆ 112 ಜನರಿಗೆ ನಾನು ಫೋನ್ ನಂಬರ್ ಇಲ್ಲದ ಕಾಗದ ಕಳಿಸಿದ್ದೆ.

ಅವತ್ತೇ ಎಲ್ಲ ಕಿತ್ತುಹಾಕಿದೆ. ಒಂದು ಪುಟ, ಒಂದೇ ಕಾಲಂ, ಕಪ್ಪು ಅಕ್ಷರ. ಹೆಡಿಂಗ್ ಕೂಡ ಎಲ್ಲರೂ ಹಾಕುವಂಥದ್ದೇ: ಎಜುಕೇಶನ್, ಪ್ರಾಜೆಕ್ಟ್ಸ್, ಸ್ಕಿಲ್ಸ್. ಮುಂದಿನ 23 ಅರ್ಜಿಗೆ 3 ಕರೆ ಬಂತು. ಮೊದಲು ಇದನ್ನು ಮಾಡಿ, ಉಳಿದದ್ದೆಲ್ಲ ಆಮೇಲೆ.

ಪ್ಯಾನೆಲ್ 9 ವರ್ಷ:
ಮೇಡಂಗೆ ಕರೆ ಬಂದದ್ದು ಸಂತೋಷ. ಆದರೆ ಮೆಷಿನ್ ತಿರಸ್ಕರಿಸಿತು ಅನ್ನುವ ಕಥೆಯನ್ನು ಹುಡುಗರ ತಲೆಗೆ ತುಂಬಬೇಡಿ. 9 ವರ್ಷದಿಂದ ಹೊಸಬರನ್ನು ತೆಗೆದುಕೊಳ್ಳುವ ಪ್ಯಾನೆಲ್‌ನಲ್ಲಿ ಕೂರುತ್ತಿದ್ದೇನೆ. ನಮ್ಮಲ್ಲಿ ಸಾಫ್ಟ್‌ವೇರ್ ತಾನಾಗಿ ಹೊರಗೆ ಹಾಕುವುದು ಅರ್ಜಿಯಲ್ಲಿ ಕೇಳುವ ಹೌದು-ಇಲ್ಲ ಪ್ರಶ್ನೆಗಳ ಮೇಲೆ ಮಾತ್ರ: ಡಿಗ್ರಿ ಯಾವಾಗ ಮುಗಿಯುತ್ತದೆ, ಈ ದೇಶದಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ, ಇಂಥವು. ಮಿಕ್ಕಿದ್ದನ್ನು ಮನುಷ್ಯರೇ ನೋಡುತ್ತೇವೆ, ಪಕ್ಕಕ್ಕಿಡುವುದೂ ಮನುಷ್ಯರೇ. ಒಂದು ಜಾಗಕ್ಕೆ 300 ಬಂದಿದ್ದವು ಕಳೆದ ಸಲ. ಸಾಲು ಸಾಲಾಗಿ ಅದೇ ಮಾತು: ಕಷ್ಟಪಟ್ಟು ದುಡಿಯುವವನು, ಬೇಗ ಕಲಿಯುವವನು, ಎಲ್ಲರ ಜೊತೆ ಹೊಂದಿಕೊಳ್ಳುವವನು. ಇದರಿಂದ ನನಗೆ ಗೊತ್ತಾಗುವುದೇನು ಹೇಳಿ.

ಅದರಲ್ಲಿ ಒಬ್ಬ ಹುಡುಗ, ಮಾರ್ಕ್ಸ್ ಸಾಧಾರಣ, ಸಂಜೆ ಹೊತ್ತು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ. ಒಂದು ಸಾಲು ಬರೆದಿದ್ದ: ‘ವಾಪಸ್ ಬಂದ ಪುಸ್ತಕ ಮತ್ತೆ ಕಪಾಟಿಗೆ ಹೋಗಲು 3 ದಿನ ಹಿಡಿಯುತ್ತಿತ್ತು. ಪ್ರತಿ ಮಹಡಿಗೆ ಬೇರೆ ಗಾಡಿ ಇಟ್ಟೆ. ಈಗ ಅವತ್ತೇ ಹೋಗುತ್ತದೆ.’ ಕೋಡಿಂಗ್‌ಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಮೊದಲು ಕರೆದಿದ್ದು ಅವನನ್ನೇ. ತೊಂದರೆ ಕಣ್ಣಿಗೆ ಬಿತ್ತು, ಯಾರೂ ಹೇಳದೆ ಕೈ ಹಾಕಿದ, ಆದದ್ದನ್ನು ಅಳೆದ. ಅಂಥ ಮೂರು ಸಾಲಿದ್ದರೆ ಕಾಲಂ ಎರಡಿದ್ದರೂ ನಾನು ಓದುತ್ತೇನೆ.

ಎರಡು ಕಾಲಂ:
ನನ್ನ 7 ತಿಂಗಳು ಕಥೆ ಅಲ್ಲ ಸರ್. ನೀವು ಕೈಗೆ ಬಂದ ಮೇಲೆ ಓದುವವರು. ಕೈಗೆ ಬರುವ ಮುಂಚೆ ಏನಾಗುತ್ತದೆ? ನಿಮ್ಮ ಎಚ್‌ಆರ್‌ನವರು ‘ಎಸ್‌ಕ್ಯೂಎಲ್’ ಅಂತ ಟೈಪ್ ಮಾಡಿ ಹುಡುಕುತ್ತಾರೆ, ಅಲ್ವಾ? ನನ್ನ ಫೈಲ್‌ನಲ್ಲಿ ಆ ಪದವೇ ಒಡೆದುಹೋಗಿದ್ದರೆ ಆ ಪಟ್ಟಿಯಲ್ಲಿ ನಾನು ಬರುವುದು ಹೇಗೆ? ಅಷ್ಟಕ್ಕೂ ಮನುಷ್ಯರು ನೋಡುವುದು ಎಷ್ಟು ಹೊತ್ತು, 6 ಸೆಕೆಂಡ್ ಅಂತೆ.

ಪ್ಯಾನೆಲ್ 9 ವರ್ಷ:
ಆ 6 ಸೆಕೆಂಡ್ ಎಲ್ಲಿಂದ ಬಂತು ಅಂತಲೂ ನೋಡಿ. 2012ರಲ್ಲಿ ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ತಾಣ 30 ರಿಕ್ರೂಟರ್‌ಗಳ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಅಳೆದಿತ್ತು. 2018ರಲ್ಲಿ ಅವರೇ ಮತ್ತೆ ಅಳೆದಾಗ 7.4 ಸೆಕೆಂಡ್ ಬಂತು. ಅದು ಮೊದಲ ನೋಟ ಅಷ್ಟೇ, ಇಟ್ಟುಕೊಳ್ಳಬೇಕಾ ಬೇಡವಾ ಅನ್ನುವಷ್ಟು. ಇಟ್ಟುಕೊಂಡದ್ದನ್ನು ನಾನು ಪೆನ್ನು ಹಿಡಿದು ಓದುತ್ತೇನೆ. ಹುಡುಕುವ ವಿಷಯ ಒಪ್ಪಿದೆ. ಅದನ್ನು ನಾನು ಯೋಚಿಸಿರಲಿಲ್ಲ.

ಟಾಪರ್ ಆಗಿದ್ದೆ:
ನನ್ನದು ಕರೆಯ ಸಮಸ್ಯೆ ಆಗಿರಲೇ ಇಲ್ಲ. ಕ್ಲಾಸಿಗೆ ಮೊದಲನೆಯವನು, ಎಲ್ಲ ಕಡೆ ಕಟ್‌ಆಫ್ ದಾಟುತ್ತಿದ್ದೆ. ಆಪ್ಟಿಟ್ಯೂಡ್ ಪಾಸ್, ಟೆಕ್ನಿಕಲ್ ಮೊದಲ ರೌಂಡ್ ಪಾಸ್, ಆಮೇಲೆ ಹೊರಗೆ. ಒಂದಲ್ಲ, 5 ಕಡೆ ಹೀಗೇ. ನನಗಿಂತ ಎಷ್ಟೋ ಕಡಿಮೆ ಮಾರ್ಕ್ಸ್ ತೆಗೆದವರು ಆಫರ್ ಲೆಟರ್ ಹಿಡಿದುಕೊಂಡು ಓಡಾಡುತ್ತಿದ್ದರೆ ಕಾರಿಡಾರ್‌ನಲ್ಲಿ ತಲೆ ಎತ್ತಿ ನಡೆಯಲು ಆಗುತ್ತಿರಲಿಲ್ಲ.

ನಾಲ್ಕನೆಯದರಲ್ಲಿ ಗೊತ್ತಾಯಿತು. ಹಾಜರಾತಿ ಆ್ಯಪ್ ನಮ್ಮ ಪ್ರಾಜೆಕ್ಟ್. ನಾವು ಲಾಗಿನ್ ಮಾಡಿದೆವು, ನಾವು ಡೇಟಾಬೇಸ್ ಕಟ್ಟಿದೆವು ಅಂತ ಹೇಳುತ್ತಾ ಹೋದೆ. ಎದುರಿಗಿದ್ದವರು ಖಾಲಿ ಹಾಳೆ ತಳ್ಳಿ ಕೇಳಿದರು, ‘ನಾವು ಬೇಡ. ನೀವೇ ಬರೆದ ಒಂದು ಟೇಬಲ್ ಇದರಲ್ಲಿ ಹಾಕಿ. ಒಬ್ಬನೇ ವಿದ್ಯಾರ್ಥಿ ಎರಡು ಸಲ ಹಾಜರಿ ಹಾಕಿದರೆ ಏನಾಗುತ್ತದೆ ಹೇಳಿ.’ ಡೇಟಾಬೇಸ್ ಮಾಡಿದ್ದು ನನ್ನ ಗೆಳೆಯ. ನಾನು ಮಾಡಿದ್ದು ರಿಪೋರ್ಟ್, ಸ್ಲೈಡ್. ಹಾಳೆಯ ಮೇಲೆ ಒಂದು ಚೌಕ ಬರೆದೆ, ಒಳಗೆ ‘ಸ್ಟೂಡೆಂಟ್’ ಅಂತ ಬರೆದೆ, ಅಲ್ಲಿಗೇ ನಿಂತಿತು. ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡುತ್ತಿದ್ದುದು ಇನ್ನೂ ನೆನಪಿದೆ.

ಆಮೇಲೆ ಎರಡು ತಿಂಗಳು ಆ ಪ್ರಾಜೆಕ್ಟನ್ನು ಒಬ್ಬನೇ ಮೊದಲಿಂದ ಬರೆದೆ. ಕೆಲಸ ಸಿಕ್ಕಿದ್ದು ಅದಾದ ಮೇಲೆ. ಸ್ಟಾರ್ ಅನ್ನುತ್ತಾರಲ್ಲ, ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ, ಆ ಕ್ರಮದಲ್ಲಿ ಹೇಳಲು ನಮ್ಮ ಕೈಯಲ್ಲಿ ನಿಜವಾಗಿ ಏನಾದರೂ ಇರಬೇಕು. ಮಾರ್ಕ್ಸ್ ಕೂಡ ಈಗ ಮೊದಲಿನಷ್ಟು ನೋಡುವುದಿಲ್ಲ. ಅಮೆರಿಕದಲ್ಲಿ ಕಾಲೇಜು ಮುಗಿಸಿದವರ ನೇಮಕಾತಿ ಗಮನಿಸುವ ಎನ್‌ಎಸಿಇ ಎಂಬ ಸಂಘದ ಸರ್ವೆಯಲ್ಲಿ ಗ್ರೇಡ್ ನೋಡಿ ಜರಡಿ ಹಿಡಿಯುತ್ತೇವೆ ಅಂದ ಕಂಪನಿಗಳು 2019ರಲ್ಲಿ ಶೇ. 73, 2023ರಲ್ಲಿ ಶೇ. 37. ನಾನು ನಾಲ್ಕು ವರ್ಷ ಅದಕ್ಕೇ ಕೊಟ್ಟೆ. ಐದನೇ ಕಡೆಯಂತೂ ಬಸ್ಸಿನಲ್ಲಿ ಎಷ್ಟು ಚೆಂಡು ಹಿಡಿಯುತ್ತವೆ ಅಂತ ಕೇಳಿ ಕಳಿಸಿಬಿಟ್ಟರು.

ಪ್ಯಾನೆಲ್ 9 ವರ್ಷ:
ಆ ಚೆಂಡಿನ ಪ್ರಶ್ನೆ ಕೇಳಿದವರ ಮೇಲೆ ನನಗೂ ಸಿಟ್ಟಿದೆ. ಗೂಗಲ್‌ನಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲೇ ಹೇಳಿದರು, ಇಂಥ ಒಗಟುಗಳು ಬರೀ ಸಮಯ ಹಾಳು, ಅದರಿಂದ ಏನೂ ಗೊತ್ತಾಗುವುದಿಲ್ಲ ಅಂತ. ನಮ್ಮಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ, ಉತ್ತರ ಮುಗಿದ ತಕ್ಷಣ ಅಂಕ. ಸುಮ್ನೆ ಹರಟೆ ಹೊಡೆದು ಆರಿಸಿದರೆ ನಮಗೆ ಇಷ್ಟವಾದವರು ಬರುತ್ತಾರೆ, ಕೆಲಸ ಬಲ್ಲವರು ಬರುವುದಿಲ್ಲ.

ಆಫರ್ ವಾಪಸ್:
ಬಿಟ್ಟ ಸೆಮಿಸ್ಟರ್ ಅಂತ ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಎರಡು ವಿಷಯದಲ್ಲಿ ಫೇಲ್ ಆಗಿ ಡಿಗ್ರಿಗೆ 5 ವರ್ಷ ತೆಗೆದುಕೊಂಡೆ. ರೆಸ್ಯೂಮೆಯಲ್ಲಿ ಸೇರಿದ ವರ್ಷ ಒಂದು ಮುಂದಕ್ಕೆ ಹಾಕಿದೆ, 4 ವರ್ಷ ಆಯಿತು. ಒಂದೇ ಒಂದು ಅಂಕಿ. ಮಾರ್ಚ್ 11ಕ್ಕೆ ಆಫರ್ ಬಂತು. ಆ ನಂಬಿಕೆಯಲ್ಲಿ ಇನ್ನೆರಡು ಕಡೆ ಬರುವುದಿಲ್ಲ ಅಂದೆ. ಹೊಸ ಊರಿನಲ್ಲಿ ಬಾಡಿಗೆ ಮನೆಗೆ ಮುಂಗಡ ಕೊಟ್ಟೆ, ಮಂಚ ಕೊಂಡೆ. ಜುಲೈ 1ಕ್ಕೆ ಸೇರಬೇಕಿತ್ತು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ವಿಶ್ವವಿದ್ಯಾಲಯಕ್ಕೆ ಬರೆದು ಸೇರಿದ ವರ್ಷ ಕೇಳಿದ್ದಾರೆ. ಜೂನ್ 19ಕ್ಕೆ ಮೇಲ್ ಬಂತು, ನೀವು ಕೊಟ್ಟ ಮಾಹಿತಿ ತಾಳೆಯಾಗುತ್ತಿಲ್ಲ, ಆಫರ್ ಹಿಂಪಡೆಯುತ್ತಿದ್ದೇವೆ. ನಾಲ್ಕು ಸಾಲು. ಫೋನ್ ಮಾಡಿದರೆ ಎತ್ತಲಿಲ್ಲ. ಮುಂಗಡ ಹೋಯಿತು, ಬೇಡ ಅಂದ ಎರಡು ಕಡೆ ಬೇರೆಯವರು ಸೇರಿದ್ದರು. ಮನೆಯಲ್ಲಿ ಹೇಳಲು 9 ದಿನ ತೆಗೆದುಕೊಂಡೆ. ಮುಂದೆ 14 ತಿಂಗಳು ಏನೂ ಸಿಗಲಿಲ್ಲ.

ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಅವರು ಕೇಳುವ ಮುಂಚೆ ನಾನೇ ಹೇಳಿದೆ: ಎರಡು ವಿಷಯ ಹೋಗಿತ್ತು, ಮತ್ತೆ ಓದಿ ಪಾಸ್ ಮಾಡಿದೆ, ಹಾಗಾಗಿ ಒಂದು ವರ್ಷ ಜಾಸ್ತಿ. ಆಕೆ ತಲೆ ಆಡಿಸಿ, ಏನೋ ಗೀಚಿಕೊಂಡು, ಮುಂದಿನ ಪ್ರಶ್ನೆಗೆ ಹೋದರು. 20 ಸೆಕೆಂಡೂ ಆಗಲಿಲ್ಲ. ಅಷ್ಟಕ್ಕಾಗಿ ನಾನು ಒಂದೂವರೆ ವರ್ಷ ಕಳೆದುಕೊಂಡಿದ್ದೆ.

ನೇರ ಮಾತು:
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಸುಳ್ಳು ಬರೆದದ್ದು ನೀವು. ಕಂಪನಿಯ ತಪ್ಪೇನು? ನಾನು ಅಡ್ಡದಾರಿ ಹಿಡಿಯಲಿಲ್ಲ. 6 ತಿಂಗಳು ಸಂಬಳ ಇಲ್ಲದ ಇಂಟರ್ನ್‌ಶಿಪ್ ಮಾಡಿದೆ. ದಿನಕ್ಕೆ ಹೋಗಿ ಬರಲು 3 ಗಂಟೆ. ಮೊದಲ ತಿಂಗಳು ಬರೀ ಟೆಸ್ಟ್ ಶೀಟ್ ತುಂಬುವುದು, ಎರಡನೇ ತಿಂಗಳು ಸಿಕ್ಕ ಬಗ್, ಅಂದರೆ ದೋಷಗಳನ್ನು ಬರೆದು ಕೊಡುವುದು, ನಾಲ್ಕನೇ ತಿಂಗಳಿಗೆ ಒಂದು ಮಾಡ್ಯೂಲ್, ಅಂದರೆ ಸಾಫ್ಟ್‌ವೇರ್‌ನ ಒಂದು ಭಾಗ, ನನ್ನ ಹೆಸರಿಗೆ ಬಂತು. ಮುಂದಿನ ಇಂಟರ್‌ವ್ಯೂ ಪೂರ್ತಿ ಆ ಮಾಡ್ಯೂಲ್ ಮೇಲೇ ನಡೆಯಿತು. ಕಷ್ಟಪಡಲು ತಯಾರಿದ್ದರೆ ದಾರಿ ಇದೆ.

ಆಫರ್ ವಾಪಸ್:
ಕಂಪನಿಯ ತಪ್ಪು ಅಂತ ನಾನು ಎಲ್ಲಿ ಬರೆದೆ? ಮತ್ತೆ ಓದಿ ನೋಡಿ. ಆ ತಪ್ಪು ನನ್ನದು, ಇನ್ನೊಬ್ಬರು ಮಾಡಬಾರದು ಅಂತಲೇ ಬರೆದೆ. ಕಷ್ಟಪಡಲು ತಯಾರಿದ್ದರೆ ಅಂದಿರಲ್ಲ, ಆ 14 ತಿಂಗಳು ನಾನು ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದೆ.

ಎರಡು ಕಾಲಂ:
ಸಂಬಳ ಇಲ್ಲದೆ 6 ತಿಂಗಳು ದುಡಿಯಲು ಯಾರಿಗೆ ಆಗುತ್ತದೆ? ಮನೆಗೆ ದುಡ್ಡು ಕಳಿಸಬೇಕಾದವರು ಏನು ಮಾಡಬೇಕು? ಅದೇ ಎನ್‌ಎಸಿಇ ಸರ್ವೆಗಳಲ್ಲಿ ಇನ್ನೊಂದೂ ಇದೆ: ಸಂಬಳ ಪಡೆದ ಇಂಟರ್ನ್‌ಗಳಿಗೆ ಸಂಬಳ ಇಲ್ಲದವರಿಗಿಂತ ಜಾಸ್ತಿ ಆಫರ್ ಬರುತ್ತದೆ. ಪುಕ್ಕಟೆ ದುಡಿಸಿಕೊಳ್ಳುವುದನ್ನು ದಾರಿ ಅನ್ನಬೇಡಿ.

ನೇರ ಮಾತು:
ನನ್ನ ಮನೆಯ ಪರಿಸ್ಥಿತಿ ನಿಮಗೆ ಗೊತ್ತಾ? ವಾರಕ್ಕೆ ಐದು ಸಂಜೆ ಟ್ಯೂಷನ್ ಹೇಳಿ ಪ್ರಯಾಣದ ಖರ್ಚು ತೆಗೆಯುತ್ತಿದ್ದೆ. ಬೇರೆ ಯಾರೂ ಬಾಗಿಲು ತೆರೆಯಲಿಲ್ಲ, ತೆರೆದವರ ಹತ್ತಿರ ಹೋದೆ. ಅದನ್ನು ಪುಕ್ಕಟೆ ಅಂತ ಕರೆಯಲು ನಿಮಗೇನು ಹಕ್ಕಿದೆ.

ಎರಡು ಕಾಲಂ:
ನಿಮ್ಮ ದುಡಿಮೆಗೆ ಪುಕ್ಕಟೆ ಅನ್ನಲಿಲ್ಲ. ನಿಮಗೆ ಕೊಡಬೇಕಾದ್ದನ್ನು ಅವರು ಕೊಡಲಿಲ್ಲ ಅಂದೆ. ಅದರಲ್ಲಿ ನಾನು ನಿಮ್ಮ ಪರ.

ಟಾಪರ್ ಆಗಿದ್ದೆ:
ಟ್ಯೂಷನ್ ವಿಷಯ ರೆಸ್ಯೂಮೆಯಲ್ಲಿ ಬರೆದಿದ್ದಿರಾ? ಎಷ್ಟು ಮಕ್ಕಳು, ಎಷ್ಟು ತಿಂಗಳು?

ನೇರ ಮಾತು:
ಇಲ್ಲ. ಅದು ಅನುಭವ ಅಂತ ಅನ್ನಿಸಲೇ ಇಲ್ಲ. 11 ಮಕ್ಕಳು, ಎರಡು ವರ್ಷ.

ಪ್ಯಾನೆಲ್ 9 ವರ್ಷ:
ಬರೆಯಿರಿ. ಇವತ್ತೇ ಬರೆಯಿರಿ.

ಕೊನೇ ಸೆಮ್:
ಎಲ್ಲವನ್ನೂ ಓದಿದೆ, ಎರಡು ಸಲ ಓದಿದೆ. ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ, ನನ್ನದು ಸರಿಯಾಗಿಯೇ ಬಂತು. ಹಾಗಾದರೆ ತೊಂದರೆ ಸಾಲುಗಳಲ್ಲೇ ಇದೆ. ‘ತಂಡದ ಜೊತೆ ಬಸ್ ಪಾಸ್ ವೆಬ್‌ಸೈಟ್ ಮಾಡಿದೆವು’ ಅಂತ ಇತ್ತು. ಈಗ ಹೀಗೆ ಬದಲಾಯಿಸಿದೆ: ‘ಪಾಸ್ ನವೀಕರಣದ ಭಾಗ ಬರೆದೆ. ಅರ್ಧಕ್ಕೆ ನಿಂತ ಅರ್ಜಿ ಮತ್ತೆ ಮೊದಲಿಂದ ತುಂಬಬೇಕಿತ್ತು, ನಿಂತಲ್ಲಿಂದ ಮುಂದುವರಿಯುವಂತೆ ಮಾಡಿದೆ. 38 ಜನರಿಂದ ಬಳಸಿಸಿ ನೋಡಿದೆ.’ ಇದು ಪ್ರಾಜೆಕ್ಟ್ ಅಂತ ಮೇಲೆ, ಮಾರ್ಕ್ಸ್ ಕೆಳಗೆ.

ಪ್ಯಾನೆಲ್ 9 ವರ್ಷ:
38 ಅಂತ ಎಣಿಸಿದ್ದು ಯಾರು? ಇಂಟರ್‌ವ್ಯೂನಲ್ಲಿ ನಾನು ಮೊದಲು ಕೇಳುವುದು ಅದನ್ನೇ. ‘ನಿಮ್ಮ ಬಗ್ಗೆ ಹೇಳಿ’ ಅಂದಾಗಲೂ ಇಲ್ಲಿಂದಲೇ ಶುರು ಮಾಡಿ. ಹುಟ್ಟಿದ್ದು, ಓದಿದ್ದು ಕಾಗದದಲ್ಲೇ ಇದೆ.

ಕೊನೇ ಸೆಮ್:
ನಾನೇ ಎಣಿಸಿದ್ದು ಸರ್. ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬೊಬ್ಬರ ರೂಮಿಗೂ ಹೋಗಿದ್ದೆ. ಯಾರು ಎಲ್ಲಿ ಸಿಕ್ಕಿಕೊಂಡರು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ.

ಆಫರ್ ವಾಪಸ್:
ಆ ಸೆಮಿಸ್ಟರ್?

ಕೊನೇ ಸೆಮ್:
ಬರೆದೆ ಅಕ್ಕ. ಎಜುಕೇಶನ್ ಕೆಳಗೆ ಒಂದೇ ಸಾಲು: ‘ಆರೋಗ್ಯದ ಕಾರಣ ಒಂದು ಸೆಮಿಸ್ಟರ್ ಬಿಟ್ಟು, ಮುಂದಿನದರಲ್ಲಿ ಮತ್ತೆ ಸೇರಿದೆ.’ ವರ್ಷಗಳನ್ನು ಇದ್ದ ಹಾಗೇ ಇಟ್ಟಿದ್ದೇನೆ.